ರೊಟ್ಟಿ ಉಬ್ಬಿದಾಗ ಅಳುವ ಅವ್ವ

ಇವತ್ತು ಮಧ್ಯಾಹ್ನ ಭೋಸರಿಯ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ಫೋನು ನೋಡಿದರೆ ಪರದೆಯ ತುಂಬಾ ಅಳುವ ಮುಖಗಳು. ಒಂದರ ಹಿಂದೆ ಒಂದು, ಇರುವೆ ಸಾಲಿನಂತೆ. ಪಕ್ಕದವರು ಇಣುಕಿ ನೋಡಿ, "ಯಾರು ಹೋದರು?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ನಾನು ನಕ್ಕೆ. ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದುಕೊಂಡರೋ ಏನೋ, ಪಾಪ, ನೀರಿನ ಬಾಟಲಿ ಮುಂದೆ ಸರಿಸಿದರು.

ಯಾರೂ ಹೋಗಿರಲಿಲ್ಲ. ಸದಾಶಿವ ಪೇಠದ ನಮ್ಮ ಮನೆಯಲ್ಲಿ ವೈನಿ ರೊಟ್ಟಿ ಬಡಿಯುವ ಲೈವ್ ವಿಡಿಯೋ ನಡೆದಿತ್ತು, ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ನಮ್ಮ ಚಾಟಿನಲ್ಲಿ ಆ ಅಳುವಿಗೆ ಅಷ್ಟೇ ಅರ್ಥ! ಅಳುತ್ತಿರುವ ಆ ಮುಖ ಯಾರದು ಗೊತ್ತೇ? ನನ್ನ ಹಡೆದವ್ವನದು.

ವೈನಿ ಎಂದರೆ ಅಣ್ಣನ ಹೆಂಡತಿ, ಮಂಡ್ಯದ ಕಡೆಯವರು. ಮುದ್ದೆಯನ್ನು ಕಣ್ಣು ಮುಚ್ಚಿ ತಿರುವುವ ಕೈಗೆ ಜೋಳದ ಹಿಟ್ಟು ಮಾತ್ರ ಒಗ್ಗಲೇ ಇಲ್ಲ. ಹರಿದ ರೊಟ್ಟಿಯನ್ನು ಎತ್ತಿ ಹಿಡಿದು ಅವ್ವ, "ಇದನ್ನ ತಿನ್ನೂದೋ, ಹೊಲಿಯೂದೋ?" ಎನ್ನುತ್ತಿದ್ದಳು. ಕೈ ಕುದುರಿದ ಮೇಲೂ ಅವ್ವನ ಬಾಯಿಂದ 'ಛಲೋ ಆಗ್ಯಾವ' ಎಂಬ ಮಾತು ಬರಲಿಲ್ಲ. ಅಣ್ಣ ಹೊಗಳಿದ, ನಾನು ಹೊಗಳಿ ಹೊಗಳಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ವೈನಿಗೆ ಬೇಕಾಗಿದ್ದುದು ನಮ್ಮ ಸರ್ಟಿಫಿಕೇಟು ಅಲ್ಲ. ಬಡಿದ ಪ್ರತಿ ರೊಟ್ಟಿಗೂ ಅವರ ಕಣ್ಣು ಒಮ್ಮೆ ಅತ್ತೆಯ ಕಡೆ ಹೋಗಿ ಬರುತ್ತಿತ್ತು.

ಲೈವ್ ಶುರುವಾದ ಹೊಸತರಲ್ಲಿ ಒಂದು ದಿನ ಅವ್ವ ಅಡುಗೆಮನೆಯ ಮೂಲೆಯಲ್ಲಿ ಮೆಂತೆ ಪಲ್ಯೆ ಸೋಸುತ್ತಾ ಕೂತಿದ್ದಳು. ಯಾರ ಹತ್ತಿರ ಕಲಿತಿರಿ ಎಂದು ನೋಡುವವರೊಬ್ಬರು ಕೇಳಿದರು. ವೈನಿ ಹಂಚಿನಿಂದ ಕಣ್ಣು ತೆಗೆಯದೆ, "ನಮ್ಮತ್ತೆ ಹತ್ರ ಕಣ್ರೀ. ಬೈಸ್ಕೊಂಡೇ ಕಲ್ತೆ. ಆದ್ರೂ ಅವರ ಕೈ ರೊಟ್ಟಿ ಥರ ನಂಗಿನ್ನೂ ಬರಲ್ಲ" ಎಂದರು.

ವೈನಿಯ ಬೆನ್ನ ಹಿಂದೆ, ಕ್ಯಾಮೆರಾಕ್ಕೆ ಕಾಣುವಂತೆಯೇ, ಅವ್ವನ ಮುಖ ಕಿವುಚಿಕೊಂಡಿತು, ಸೆರಗು ಕಣ್ಣಿಗೆ ಹೋಯಿತು. ವೈನಿ ತಿರುಗಿ ನೋಡಿದಾಗ, "ಉಳ್ಳಾಗಡ್ಡಿ ಘಾಟು" ಎಂದಳು. ಉಳ್ಳಾಗಡ್ಡಿ ಎಲ್ಲಿತ್ತು? ಬಾಗಿಲ ಹಿಂದಿನ ಬುಟ್ಟಿಯಲ್ಲಿ, ಸಿಪ್ಪೆಸಮೇತ! ಆದರೆ ಅವ್ವನ ತೀರ್ಪಿಗೆ ನಮ್ಮಲ್ಲಿ ಮೇಲ್ಮನವಿ ಇಲ್ಲ. ವೈನಿಯೂ ನಂಬಿದರು.

ನೋಡುವವರಲ್ಲೇ ಒಬ್ಬರು ಆ ಮುಖದ ಪುಟ್ಟ ಚಿತ್ರ ಬರೆದು ಕಳಿಸಿದರು. ಚಾಟಿಗೆ ಹಾಕಬಹುದೇ ಎಂದು ವೈನಿ ಕೇಳಿದ್ದಕ್ಕೆ ಅವ್ವ, "ಹಾಕ್ಕೋ. ನನ್ನ ಮಾರಿ ಏನ್ ಸವೀತದ?" ಎಂದಳು. ಅಂದಿನಿಂದ ರೊಟ್ಟಿ ಉಬ್ಬಿದರೆ ಸಾಕು, ಊರೂರುಗಳಿಂದ ಅವ್ವ ಅಳುತ್ತಾ ಬರುತ್ತಾಳೆ. ಅಸಲಿ ಅವ್ವ ಮಾತ್ರ ಲೈವ್ ಹೊತ್ತಿಗೆ ಹೊರಗಿನ ಕೋಣೆ ಸೇರುತ್ತಿದ್ದಳು.

ಇವತ್ತಿನ ಸಾಲನ್ನು ಮೇಲಕ್ಕೆ ಸರಿಸಿ ನೋಡಿದೆ. ಎಲ್ಲರಿಗಿಂತ ಮೊದಲು ಬಂದ ಮುಖದ ಪಕ್ಕದಲ್ಲಿದ್ದದ್ದು, ಭಜನೆ ಕೇಳಲೆಂದು ಅವ್ವನ ಫೋನಿಗೆ ನಾನೇ ತೆರೆದುಕೊಟ್ಟ ಖಾತೆಯ ಹೆಸರು! ವೈನಿಯೂ ಆಗಲೇ ಅದನ್ನು ಓದಿರಬೇಕು. ಪರದೆಯಲ್ಲಿ ಅವರ ಕೈ ನಿಂತಿತು.

"ಅತ್ತೆ... ನೀವಾ?"

ಹೊರಗಿನ ಕೋಣೆಯಿಂದ ದನಿ ಬಂತು: "ಮೊದಲಿಗೆ ರೊಟ್ಟಿ ತಿರುವಿ ಹಾಕವಾ, ಹೊತ್ತಾಕತ್ತದ."

ವೈನಿ ತಿರುವಿ ಹಾಕಿದರು. ಕ್ಯಾಮೆರಾದ ಕಡೆ ಮುಖ ಎತ್ತಿದಾಗ ಅದು ಥೇಟ್ ಆ ಚಿತ್ರದಂತೆಯೇ ಇತ್ತು, ಉಳ್ಳಾಗಡ್ಡಿಯ ಹೆಸರು ಯಾರೂ ಎತ್ತಲಿಲ್ಲ. ನಾನು ಬಾಟಲಿಯ ನೀರು ಕುಡಿದು, ಪಕ್ಕದವರಿಗೆ ಅರ್ಧ ರೊಟ್ಟಿ ಮುರಿದುಕೊಟ್ಟೆ.