ಕೆರೆ ಬೆಳಗಿದ ಸಂಜೆ

ಗುಲ್ವಾಡಿಯ ಕುಷ್ಟ ಕಡಲು ಬಿಟ್ಟದ್ದು ಹೆಂಡತಿಯ ಒಂದೇ ಮಾತಿಗೆ. ಪ್ರಾಯವಿಡೀ ಪರರ ದೋಣಿಯಲ್ಲಿ ಬಲೆ ಎಳೆದವನು, ದೋಣಿ ಮಗುಚಿ ಎರಡು ಸಲ ಈಜಿ ಬಂದವನು. ಎರಡನೇ ಸಲ ಪ್ರಫುಲ್ಲಾ ಅಳಲಿಲ್ಲ. "ಇನ್ನೊಂದ್ ಸಲ ನಾ ದಡದಗೆ ನಿಂತ್ ಕಾಯುದಿಲ್ಲೆ" ಎಂದಳು, ಅಷ್ಟೇ.

ಹಾಗೆ ತೊಂಬತ್ತೆಂಟನೇ ಇಸವಿಯಲ್ಲಿ ಹೊಳೆಬದಿಯ ಉಪ್ಪುನೀರಿನ ಗದ್ದೆ ಅಗೆಸಿ ಚಟ್ಲಿ ಕೆರೆ ಮಾಡಿದ. ಸೀಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುವುದು. ಕೆರೆ ಕೈಕೊಟ್ಟರೆ ಮತ್ತೆ ದೋಣಿಯೇ ಗತಿ.

ಕುಷ್ಟನದೋ ಧಾರಾಳ ಕೈ. ಒಂದು ಪಾಲು ಮರಿ ಬಿಡು ಎಂದಲ್ಲಿ ಎರಡು ಪಾಲು ಬಿಟ್ಟ. ತಿನ್ನಲಿ ಪಾಪ ಎಂದು ಮೇವನ್ನೂ ಸುರಿದ. ಒಂದು ದಿನ ಮುಸ್ಸಂಜೆ ಕಳೆದ ಮೇಲೆ ಕೈ ತೊಳೆಯಲು ಬಗ್ಗಿದರೆ ಕೆರೆಯ ನೀರು ಹಸಿರಾಗಿ ಮಿನುಗಿತು! ಕತ್ತಲ ಕಡಲಲ್ಲಿ ನೀರು ಹೊಳೆದರೆ ಅಡಿಯಲ್ಲಿ ಮೀನಿನ ಹಿಂಡಿದೆ ಎಂದೇ ಅವನು ಕಲಿತದ್ದು. ಇಷ್ಟು ವರ್ಷ ಕಣ್ಣು ಕಿರಿದು ಮಾಡಿ ಹುಡುಕಿದ ಬೆಳಕು ಈಗ ಮನೆ ಬಾಗಿಲಿಗೇ ಬಂದಿತ್ತು.

"ಹ್ವಾಯ್, ಎಲ್ಲ ಬನಿ ಕಾಣಿ! ನನ್ ಕೆರಿಯಗೆ ಚಟ್ಲಿ ತುಂಬ್ಕಂಡಿತ್ತ್!"

ಕೇರಿಗೆ ಕೇರಿಯೇ ಬಂತು. ಕುಷ್ಟನ ಜಂಭ ಹೇಳಿ ಪ್ರಯೋಜನವಿಲ್ಲ. ಬಂದವರಿಗೆಲ್ಲ ಚಾ ಬೇರೆ, ಮಾಡಿ ಮಾಡಿ ಸುಸ್ತಾದದ್ದು ಪ್ರಫುಲ್ಲಾ. ಬೆಳಗಾಗಿ ನೋಡಿದರೆ ಕೆರೆಯಂಚಿನಲ್ಲಿ ಚಟ್ಲಿ ಸತ್ತು ಬಿದ್ದಿದ್ದವು.

ಮೀನುಗಾರಿಕೆ ಓದಿದ ದಿವ್ಯಾ ಬ್ರಹ್ಮಾವರದಿಂದ ಬಸ್ಸು ಹಿಡಿದು ಬಂದು ಈ ಕಡೆಯ ಕೆರೆಗಳನ್ನು ನೋಡಿ ಹೋಗುತ್ತಿದ್ದಳು. ಅವಳು ನೀರು ನೋಡಿ ತಲೆ ಅಲ್ಲಾಡಿಸಿದಳು.

"ಕುಷ್ಟಣ್ಣ, ಹೊಳ್ದದ್ ಚಟ್ಲಿ ಅಲ್ಲ. ರೋಗಾಣು. ಸ್ವಲ್ಪವೇ ಇದ್ರೆ ಪಾಪದವ್, ಬೆಳ್ಕೂ ಇಲ್ಲೆ, ವಿಷವೂ ಇಲ್ಲೆ. ಒಂದೊಂದೂ ನೀರಿಗೆ ಒಂದ್ ನಮೂನಿ ರಸ ಬಿಡತ್ತ್. ಆ ರಸ ದಪ್ಪ ಆಯ್ತಂದ್ರೆ, ನಮ್ಮೋರ್ ಸುಮಾರ್ ಜನ ಸೇರಿರ್ ಅಂತ ಗೊತ್ತಾತ್ತ್. ಆಮೇಲೆ ಎಲ್ಲ ಒಟ್ಟಿಗೇ ಶುರು, ಬೆಳ್ಕೂ ವಿಷವೂ."

"ಒಬ್ಬೊಬ್ನೇ ಇಪ್ಪಾಗ ಎಂತಕ್ಕೆ ಸುಮ್ನಿಪ್ಪುದ್?" ಕುಷ್ಟ ಕೇಳಿದ.

"ಒಬ್ನೇ ಜಗಳಕ್ ಹೋದ್ರೆ ಪೆಟ್ಟ್ ತಿಂಬ್ದಲ್ದಾ? ನೀವ್ ಹಾಕಿದ್ ಮೇವು ಕೊಳ್ತ್, ಅವ್ಕ್ ಊಟ ಆಯ್ತ್."

"ಹಾಂಗಾರೆ ರೋಗಾಣುಗಳ್ ಸಭಿಗೆ ನಾ ಊರೋರಿಗೆ ಚಾ ಕೊಟ್ನಾ!" ಎಂದು ಕುಷ್ಟ ನಗಲು ಹೋದ. ನಗು ಬರಲಿಲ್ಲ. ಜಗಲಿಯಲ್ಲಿ ನೇತು ಹಾಕಿದ್ದ ಕಡಲಿನ ಹಳೆ ಬಲೆಯ ಮೇಲೆ ಅವನ ಕಣ್ಣು ಹೋಯಿತು. ಪ್ರಫುಲ್ಲಾ ಅದನ್ನು ಕಂಡಳು. ಸೆರಗು ಸಿಕ್ಕಿಸಿ, ಅದೇ ಬಲೆ ಇಳಿಸಿಕೊಂಡು ಕೆರೆಗೆ ಇಳಿದಳು. ಉಳಿದ ಚಟ್ಲಿಯನ್ನು ಅವತ್ತೇ ಹಿಡಿದು ಮಾರಿದರು. ಸಣ್ಣವೇ, ಆದರೂ ಮತ್ತೊಂದು ಬೆಳೆಗೆ ದಾರಿಯಾಯಿತು.

ಮುಂದಿನ ಬೆಳೆಗೆ ಮರಿ ಅರ್ಧ, ಮೇವಿಗೆ ಹಿಡಿತ. ದಿನಾ ಕತ್ತಲಾದ ಮೇಲೆ ಕುಷ್ಟ ಕೆರೆಗೆ ಕೈ ಹಾಕಿ ನೀರು ಕಲಕುತ್ತಿದ್ದ. ಪ್ರಫುಲ್ಲಾ ದಡದಲ್ಲೇ ನಿಂತಿರುತ್ತಿದ್ದಳು.

"ಎಂತಾರೂ ಕಾಣತ್ತಾ?"

"ಎಂತದೂ ಇಲ್ಲೆ, ಬರೀ ಕತ್ಲಿ!" ಎಂದು ಅವನು ಖುಷಿಯಿಂದ ಕೂಗುತ್ತಿದ್ದ.

"ಹಾಂಗಾರೆ ಉಂಬುಕ್ ಬನಿ."