ಅಡ್ಡಸಾಲುಗಳು

ಕಣ್ಣಾರೆ ಕಂಡದ್ದಕ್ಕೂ ಕಾರಣ ಕೇಳಬೇಕೆಂದು ಸಭೆಗಳಲ್ಲಿ ವರ್ಷಗಟ್ಟಲೆ ವಾದಿಸಿದವಳು ನಾನು. ದೆವ್ವ, ಶಕುನಗಳ ಮಾತೆತ್ತಿದವರನ್ನು ಅಲ್ಲೇ ತಡೆದಿದ್ದೇನೆ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನ್ನ ತಕರಾರಿಲ್ಲ.

ಎರಡು ಸಾವಿರದ ಹದಿನಾಲ್ಕರ ಸುಮಾರಿಗೆ, ಅಮೆರಿಕದ ರೆಂಟನ್ ಎಂಬ ಊರಿನ ಪುಟ್ಟ ಸಂಗ್ರಹಾಲಯವೊಂದರಲ್ಲಿ ಶನಿವಾರಗಳಂದು ಹಳೆಯ ಪತ್ರಗಳನ್ನು ನಕಲು ಮಾಡುತ್ತಿದ್ದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಲ್ಲಿದ್ದಲ ಗಣಿಗಳಿದ್ದವು. ಮೂಲನಿವಾಸಿಗಳಿಂದ ಕಸಿದ ನೆಲವನ್ನು ಅಗೆದು, ಅಗೆದವರ ಶ್ವಾಸಕೋಶಗಳನ್ನೂ ತಿಂದ ಗಣಿಗಳು. ಅಲ್ಲಿ ದುಡಿಯುತ್ತಿದ್ದ ಅಣ್ಣನಿಗೆ ಕಡಲಾಚೆಯ ತಂಗಿಯೊಬ್ಬಳು ಬರೆದ ಪತ್ರಗಳವು. ಅಂಚೆವೆಚ್ಚ ಉಳಿಸಲು ಆ ಕಾಲದವರು ತುಂಬಿದ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು.

ತುಮಕೂರಿನಲ್ಲಿದ್ದ ನನ್ನ ತಂಗಿ ಸುಮಿತ್ರೆಗೆ ಫೋನಿನಲ್ಲಿ ಅವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಅವಳ ಗಂಡ ನಮಗೆ ಬಿಟ್ಟುಕೊಟ್ಟಿದ್ದ ಮಾತು ಅದೊಂದೇ. ಅದೂ ಸ್ಪೀಕರ್ ಹಾಕಿ, ಅವನ ಎದುರಿಗೆ. ಹೆಂಡತಿಯ ಮಾತಿಗೆ ಕಾವಲಿಡುವುದೂ ಹಿಂಸೆಯೇ ಎಂದು ನಾನು ಹೇಳಿದರೆ, "ಅವ್ರು ಒಳ್ಳೇವ್ರೇ ಅಕ್ಕಾ" ಎನ್ನುತ್ತಿದ್ದಳು.

ಚಳಿಗಾಲದ ಒಂದು ಸಂಜೆ, ಸಂಗ್ರಹಾಲಯ ಮುಚ್ಚುವ ಹೊತ್ತಿಗೆ ಕರೆ ಮಾಡಿದೆ. "ಏನತ್ತಿಗೆ, ಸತ್ತೋರ ಕಾಗ್ದ ಇನ್ನೂ ಮುಗೀಲಿಲ್ವಾ?" ಎಂದು ಅವನು ನಕ್ಕ. ಹೊಸ ಹಾಳೆಯೊಂದನ್ನು ತೆಗೆದು ಓದಿದೆ: ಹವೆ, ಹಸು, ತಾಯಿಯ ಕೆಮ್ಮು. ಹಾಳೆಯನ್ನು ತಿರುಗಿಸಿ ಅಡ್ಡಸಾಲುಗಳನ್ನೂ ಓದಿದೆ: 'ಎಡಗೈಯ ಎರಡು ಬೆರಳು ಮುರಿದಿವೆ. ಬರೆಯುವುದು ಬಲಗೈಯಲ್ಲವೇ, ನಿನಗೆ ತಿಳಿಯುವುದಿಲ್ಲ. ಅವನು ಪಕ್ಕದಲ್ಲಿರುವಾಗ ನಾನು ಹೇಳುವುದನ್ನು ನಂಬಬೇಡ.'

ಆಚೆಯಿಂದ ಸುಮಿತ್ರೆ, "ಅಕ್ಕಾ, ನಿಂಗ್ಯಾರು ಹೇಳಿದ್ರು?" ಎಂದಳು. ಫೋನು ಕಡಿಯಿತು.

ನಿಂತ ನಿಲುವಿನಲ್ಲೇ ತುಮಕೂರಿನ ಮಹಿಳಾ ಸಂಘಟನೆಯ ಗೆಳತಿಯರಿಗೆ ಕರೆ ಮಾಡಿದೆ. ಅವರು ಪೊಲೀಸರೊಡನೆ ಹೋದಾಗ ಅವಳನ್ನು ಕೋಣೆಯಲ್ಲಿ ಕೂಡಿಹಾಕಲಾಗಿತ್ತು. ಎಡಗೈಯ ಎರಡು ಬೆರಳುಗಳು ತಿಂಗಳುಗಳ ಹಿಂದೆಯೇ ಮುರಿದು, ಚಿಕಿತ್ಸೆಯಿಲ್ಲದೆ ಸೊಟ್ಟಗೆ ಕೂಡಿಕೊಂಡಿದ್ದವು.

ಮರುವಾರ ಅದೇ ಪತ್ರವನ್ನು ತೆರೆದೆ. ಹವೆಯಿತ್ತು, ಹಸುವಿತ್ತು, ಕೆಮ್ಮಿತ್ತು. ಅಡ್ಡಸಾಲುಗಳಿರಲಿಲ್ಲ, ಅಳಿಸಿದ ಗುರುತೂ ಇರಲಿಲ್ಲ. ಆ ಹಾಳೆಯಲ್ಲಿ ಅಡ್ಡಬರಹ ಎಂದೂ ಇರಲಿಲ್ಲವೆಂದು ಮೇಲ್ವಿಚಾರಕಿ ಹೇಳಿದರು. ಆಯಾಸ, ಭ್ರಮೆ, ಒಳಗೇ ಹುದುಗಿದ್ದ ಅನುಮಾನ ಎಂದೆಲ್ಲ ಯೋಚಿಸಿದ್ದೇನೆ. ಎಡಗೈ ಎಂಬುದು, ಎರಡೇ ಬೆರಳೆಂಬುದು ಯಾವುದಕ್ಕೂ ಒಗ್ಗುವುದಿಲ್ಲ.

ಸುಮಿತ್ರೆ ಈಗ ಬೇರೆ ಊರಿನಲ್ಲಿ ಒಬ್ಬಳೇ ಇದ್ದಾಳೆ. ಪತ್ರದ ಮಾತನ್ನು ಅವಳು ನಂಬುವುದಿಲ್ಲ. ಅಕ್ಕಪಕ್ಕದವರಲ್ಲಿ ಯಾರೋ ನನಗೆ ತಿಳಿಸಿದರು, ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂಬುದೇ ಅವಳ ದೂರು. "ಗೊತ್ತಿದ್ದೂ ಅಷ್ಟು ದಿನ ಸುಮ್ನಿದ್ರಲ್ಲ, ಯಾರಕ್ಕಾ ಅವ್ರು?" ಎಂದು ಪ್ರತಿ ಸಲವೂ ಕೇಳುತ್ತಾಳೆ. ಅವಳಿಗೆ ಹೇಳಲು ನನ್ನಲ್ಲಿ ಒಂದು ಹೆಸರೂ ಇಲ್ಲ.