ಕೊನೆಯ ಎರಡು ನಿಮಿಷ

ಹೋದ ವಾರ ಆರ್.ಟಿ. ನಗರದ ಒಂದು ಔಷಧಿ ಅಂಗಡಿಯಲ್ಲಿ ಅಮ್ಮನ ಮಾತ್ರೆಗಾಗಿ ಕಾಯುತ್ತಿದ್ದೆ. ಅಂಗಡಿಯವರ ಕೈಯಿಂದ ಟಿಂಚರ್ ಬಾಟಲಿ ಜಾರಿ ನೆಲಕ್ಕೆ ಬಿತ್ತು. ಕಂದು ನೀರು ಗಾಜಿನ ಚೂರುಗಳ ನಡುವೆ ಹರಿದು ನನ್ನ ಚಪ್ಪಲಿಯವರೆಗೆ ಬಂತು. ಆ ವಾಸನೆ ಮೂಗಿಗೆ ತಾಕಿದ ಕೂಡಲೇ ನನ್ನ ಎರಡೂ ಮಂಡಿಗಳು ಚುರುಗುಟ್ಟಿದವು. ಅಲ್ಲಿನ ಹಳೆಯ ಗಾಯಗಳು ವಾಸಿಯಾಗಿ ಏಳೆಂಟು ವರ್ಷಗಳೇ ಆಗಿವೆ. ಆದರೂ ಚುರುಗುಟ್ಟಿದವು... ಅಂಗಡಿಯವರು "ಸೀರೆಗೆ ಹಾರ್ತಾ ಮೇಡಂ?" ಎಂದು ಕೇಳುತ್ತಿದ್ದರು. ಇಲ್ಲ ಎಂದೆ. ನನ್ನ ಕಣ್ಣ ಮುಂದೆ ಒಂದು ಸೊಟ್ಟ ಬೆರಳಿತ್ತು.

ಅದು ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕಿಯ ಬೆರಳು. ಅವಳನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ಅವಳ ಮನೆಯಲ್ಲಿ ದಖನಿ ಉರ್ದು; ಅಕ್ಕನನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅವಳಿಗೆ ನಾಲ್ವರು ತಂಗಿಯರಿದ್ದರು. ತಂಡಕ್ಕೆ ಸೇರಿದ ಮೇಲೆ ನಾವು ಇನ್ನೊಂಬತ್ತು ಮಂದಿ ಆ ಲೆಕ್ಕಕ್ಕೆ ಸೇರಿಕೊಂಡೆವು.

ಕಾಲೇಜು ಯಶವಂತಪುರದಲ್ಲಿ, ರೈಲು ಹಳಿಯ ಪಕ್ಕದಲ್ಲಿತ್ತು. ಆಡುವ ಅಂಗಳಕ್ಕೆ ಸಿಮೆಂಟು ಹಾಕಿಸಿದ್ದರು, ಆದರೆ ನಯ ಮಾಡಿಸಿರಲಿಲ್ಲ. ಬಿದ್ದರೆ ಚರ್ಮ ತುರಿಮಣೆಗೆ ಸಿಕ್ಕಿದಂತೆ ಎದ್ದು ಬರುತ್ತಿತ್ತು. ಬುಟ್ಟಿಯ ಕಂಬಗಳು ಬರಿಯ ಕಬ್ಬಿಣ. ನಾನು ಸೇರಿದ ಮೊದಲ ತಿಂಗಳಲ್ಲೇ ಒಂದು ಪಂದ್ಯದಲ್ಲಿ ಚೆಂಡು ಆಪಾಳ ಎಡಗೈಯ ಉಂಗುರದ ಬೆರಳಿಗೆ ನೇರವಾಗಿ ಬಡಿಯಿತು. ಬೆರಳು ನಡುಗಂಟಿನಲ್ಲಿ ಪಕ್ಕಕ್ಕೆ ತಿರುಗಿ ನಿಂತಿತು. ಅವಳು ಬೆಂಚಿನ ತುದಿಗೆ ಬಂದು ಕೂತು, ಬಲಗೈಯಲ್ಲಿ ಆ ಬೆರಳನ್ನು ಹಿಡಿದು ಎಳೆದಳು. ಲಟಕ್ಕೆಂಬ ಸದ್ದು ನನಗೆ ಕೇಳಿಸಿತು. ಅದನ್ನು ನಡುಬೆರಳಿಗೆ ಸೇರಿಸಿ ಬಟ್ಟೆ ಕಟ್ಟಿಸಿಕೊಂಡು ಮತ್ತೆ ಆಡಲು ಹೋದಳು. ಆಟ ಮುಗಿದ ಮೇಲೆ ಕಂಬದ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬೆರಳು ಸೊಟ್ಟಗೇ ಕೂಡಿಕೊಂಡಿತು.

ಆ ಪಂದ್ಯವನ್ನು ನಾವು ಸೋತೆವು. ಒಂದೇ ಪಾಯಿಂಟಿನಲ್ಲಿ. ನಾವು ಯಾವಾಗಲೂ ಸೋಲುತ್ತಿದ್ದದ್ದು ಹಾಗೆಯೇ. ಮೂವತ್ತೆಂಟು ನಿಮಿಷ ಸಮಸಮ ಆಡಿ, ಕೊನೆಯ ಎರಡು ನಿಮಿಷದಲ್ಲಿ ಕೈ ನಡುಗಿಸಿಕೊಂಡು ಚೆಂಡನ್ನು ಎದುರಾಳಿಗಳಿಗೆ ಕೊಟ್ಟುಬಿಡುತ್ತಿದ್ದೆವು. ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು ಮರದ ಕೆಳಗೆ ಕೂತು ಪೇಪರ್ ಓದುತ್ತಿದ್ದರು. ತಂಡವನ್ನು ತಿದ್ದಿದವಳು ಆಪಾ.

"ನಮ್ಗೆ ಆಟ ಬರತ್ತೆ ಕಣ್ರೇ," ಎಂದಳು ಒಂದು ಸಂಜೆ. "ಏಟು ತಿನ್ನೋಕೆ ಬರಲ್ಲ. ಅದನ್ನ ಕಲೀರಿ."

ಅಂದಿನಿಂದ ಪ್ರತಿದಿನ ಅಭ್ಯಾಸ ಮುಗಿಯುವ ಮುಂಚೆ 'ಕೊನೆಯ ಎರಡು ನಿಮಿಷ' ಎಂಬ ಒಂದು ಶಿಕ್ಷೆ ಶುರುವಾಯಿತು. ಒಬ್ಬಳು ಫ್ರೀ ಥ್ರೋ ಗೆರೆಯ ಮೇಲೆ ಚೆಂಡು ಹಿಡಿದು ನಿಲ್ಲಬೇಕು. ಉಳಿದವರು ಟವೆಲನ್ನು ನೀರಿನಲ್ಲಿ ನೆನೆಸಿ, ಹುರಿ ಮಾಡಿ, ಅವಳ ಕಾಲಿನ ಮೀನಖಂಡಕ್ಕೆ ಬಾರಿಸಬೇಕು. ಜೊತೆಗೆ ಬಾಯಿಗೆ ಬಂದದ್ದು ಬೈಯಬೇಕು. ಅವಳು ತಿರುಗಿ ನೋಡದೆ ಎರಡು ಚೆಂಡು ಬುಟ್ಟಿಗೆ ಹಾಕಬೇಕು. ಒಂದು ತಪ್ಪಿದರೆ ಮೊದಲಿನಿಂದ.

ನಾನು ಮನೆಯಲ್ಲಿ ಒಂದು ಏಟೂ ತಿಂದವಳಲ್ಲ, ಮಾತೂ ಕಡಿಮೆ. ಮೊದಲ ದಿನ ಅತ್ತೆ. ಆಪಾ ಎದುರಿಗೆ ಬಂದು ನಿಂತಳು.

"ಏನೇ, ಕೈ ನಡುಗ್ತಿದೆಯಾ? ಗಂಡಿನ ಕಡೆಯವ್ರ ಮುಂದೆ ಕಾಫಿ ಲೋಟ ಹಿಡ್ಕೊಂಡು ನಿಂತಾಗ ನಡುಗು. ಇಲ್ಲಿ ರೋನಾ ನಕ್ಕೋ, ಅಳ್ಬೇಡ. ಹಾಕು!"

ಹಿಂದಿನಿಂದ ಟವೆಲ್ ಬಿತ್ತು. ಹೆಸರಘಟ್ಟದಿಂದ ಬರುತ್ತಿದ್ದ ಒಬ್ಬಳ ಏಟು ಎಲ್ಲರದಕ್ಕಿಂತ ಜೋರು. ಹತ್ತು ಎಮ್ಮೆಗಳ ಹಾಲು ಕರೆದು ಕಾಲೇಜಿಗೆ ಬರುತ್ತಿದ್ದ ಕೈಗಳು ಅವು. "ಇಂಗೆ ನಿಂತ್ಕೊಂಡ್ರೆ ನಮ್ಮ ಕರೂನೂ ಒದೀತದೆ, ಹಾಕಮ್ಮಿ!" ಎಂದು ಅವಳು ನಗುತ್ತಲೇ ಬಾರಿಸುತ್ತಿದ್ದಳು. ಮೂರು ತಿಂಗಳಲ್ಲಿ ನನ್ನ ಕಾಲುಗಳ ಮೇಲೆ ನೀಲಿ ಪಟ್ಟಿಗಳು ಖಾಯಂ ಆದವು. ಉದ್ದ ಲಂಗದಲ್ಲಿ ಅಮ್ಮನಿಗೆ ಕಾಣಿಸುತ್ತಿರಲಿಲ್ಲ. ಏಟು ಬೀಳುವಾಗ ಬುಟ್ಟಿಯ ಕಬ್ಬಿಣದ ಉಂಗುರ ಒಂದನ್ನೇ ನೋಡುವುದನ್ನು ಕಲಿತೆ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವಳು ನಾನೇ. ಅಭ್ಯಾಸ ಮುಗಿದ ಮೇಲೆ ಆಪಾ ತನ್ನ ಚೀಲದಿಂದ ಟಿಂಚರ್ ಬಾಟಲಿ ತೆಗೆದು, ಹತ್ತಿಯನ್ನು ಅದ್ದಿ, ಒಬ್ಬೊಬ್ಬರ ಮಂಡಿಗೂ ಮೊಣಕೈಗೂ ತಾನೇ ಒತ್ತುತ್ತಿದ್ದಳು. ಊದುತ್ತಲೂ ಇದ್ದಳು, ಚಿಕ್ಕ ಮಕ್ಕಳಿಗೆ ಊದುವ ಹಾಗೆ.

ಅವಳದು ಇನ್ನೊಂದು ನಿಯಮವಿತ್ತು. ಆಗಿನ ಆಟದಲ್ಲಿ ಫೌಲ್ ಮಾಡಿದವಳು ಸೀಟಿ ಕೇಳಿದ ಕೂಡಲೇ ತಾನೇ ಕೈ ಎತ್ತಬೇಕಿತ್ತು. ಎತ್ತಿದವಳ ಅಂಗಿಯ ಬಣ್ಣ, ನಂಬರು ನೋಡಿ ಮೇಜಿನವರು ಬರೆದುಕೊಳ್ಳುತ್ತಿದ್ದರು. ಐದು ಫೌಲಾದರೆ ಆಟದಿಂದ ಹೊರಗೆ. ಎಷ್ಟೋ ಜನ ಗುಂಪಿನಲ್ಲಿ ಹೊಡೆದು, ಸೀಟಿ ಊದಿದ ಮೇಲೆ ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಆಪಾ ಅದನ್ನು ಸಹಿಸುತ್ತಿರಲಿಲ್ಲ. "ಹೊಡೆದ್ರೆ ಕೈ ಎತ್ತು. ಎತ್ತೋ ಧೈರ್ಯ ಇಲ್ದಿದ್ರೆ ಹೊಡೀಬೇಡ," ಎನ್ನುತ್ತಿದ್ದಳು.

ಅದು ಅವಳ ಕೊನೆಯ ವರ್ಷ. ಅವಳ ತಂದೆ ಆರ್.ಟಿ. ನಗರದಲ್ಲಿ ದರ್ಜಿ, ಕಣ್ಣು ಮಂಜಾಗುತ್ತ ಬಂದಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ ಸರ್ಟಿಫಿಕೇಟ್ ಇದ್ದರೆ ಆಟಗಾರರ ಕೋಟಾದಲ್ಲಿ ಅವಳಿಗೆ ಒಂದು ಸರ್ಕಾರಿ ಕೆಲಸ ಸಿಗುವುದಿತ್ತು. ಇಲ್ಲದಿದ್ದರೆ ಹೊಲಿಗೆ ಮೆಷಿನ್ನೇ ಗತಿ. ಇದನ್ನು ಅವಳು ಹೇಳಿಕೊಳ್ಳುತ್ತಿರಲಿಲ್ಲ, ಆದರೆ ನಮಗೆಲ್ಲ ತಿಳಿದಿತ್ತು. ಆ ವರ್ಷ ನಾವು ಕಾಲೇಜುಗಳ ಪಂದ್ಯಾವಳಿಯ ಫೈನಲ್ಲಿಗೆ ಬಂದೆವು. ಆಯ್ಕೆ ಮಾಡುವ ಮೂವರು ಅದನ್ನು ನೋಡಲು ಬರುವುದು ಖಚಿತವಾಗಿತ್ತು.

ಪಂದ್ಯ ಹೆಬ್ಬಾಳದ ಕಡೆಯ ಎದುರಾಳಿ ಕಾಲೇಜಿನ ಅಂಗಳದಲ್ಲೇ ನಡೆಯಿತು. ಅವರ ಒಂಬತ್ತನೇ ನಂಬರಿನವಳು ಮೊದಲ ನಿಮಿಷದಿಂದ ನನ್ನ ಮೇಲಿದ್ದಳು. ರೆಫರಿ ಆ ಕಡೆ ತಿರುಗಿದಾಗಲೆಲ್ಲ ನನ್ನ ಪಕ್ಕೆಗೆ ಉಗುರು ಊರುತ್ತಿದ್ದಳು. ಕಾಲ ಬೆರಳುಗಳನ್ನು ಹಿಮ್ಮಡಿಯಿಂದ ತುಳಿದಳು. ಎರಡು ಸಲ ಜಡೆ ಹಿಡಿದು ಜಗ್ಗಿದಳು. "ಏನೇ ಪುಳಿಚಾರು, ಅಳು ಬರ್ತಿದೆಯಾ? ಅಮ್ಮನ್ನ ಕರೀಲಾ?" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ನಾವೂ ಸುಮ್ಮನಿರಲಿಲ್ಲ. ನಮ್ಮ ಹೆಸರಘಟ್ಟದವಳ ಭುಜ ತಾಗಿ ಅವರ ಒಬ್ಬಳು ಕುಂಟುತ್ತ ಹೊರಗೆ ಹೋದಳು. ಸಿಮೆಂಟಿನ ಮೇಲೆ ಅಲ್ಲಲ್ಲಿ ರಕ್ತದ ಹನಿಗಳಿದ್ದವು. ಯಾರದೆಂದು ಯಾರೂ ನೋಡುತ್ತಿರಲಿಲ್ಲ.

ಕೊನೆಯ ಎರಡು ನಿಮಿಷ ಉಳಿದಿದ್ದಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು. ಆಪಾಳಿಗೆ ನಾಲ್ಕು ಫೌಲಾಗಿತ್ತು. ನನಗೂ ನಾಲ್ಕು.

ಬುಟ್ಟಿಯ ಕೆಳಗೆ ಚೆಂಡಿಗಾಗಿ ಎಲ್ಲರೂ ಒಟ್ಟಿಗೆ ಹಾರಿದೆವು. ಒಂಬತ್ತನೇ ನಂಬರಿನವಳು ಮತ್ತೆ ಜಡೆಗೆ ಕೈ ಹಾಕಿದಳು. ನಾನು ಬಲ ಮೊಣಕೈಯನ್ನು ಹಿಂದಕ್ಕೆ ಬೀಸಿದೆ. ತಡೆಯಲಾರದೆ ಬೀಸಿದೆ ಎಂದರೆ ಸುಳ್ಳಾಗುತ್ತದೆ. ಅವಳ ಬಾಯಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಮೊಣಕೈಯ ಮೂಳೆಗೆ ಹಲ್ಲು ತಾಗಿ ಮುರಿದದ್ದು ತೋಳಿನೊಳಗೆಲ್ಲ ತಿಳಿಯಿತು. ಆ ಕ್ಷಣ ಆದ ಸಂತೋಷದಂಥದ್ದು ನನಗೆ ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಆಗಿಲ್ಲ...

ಸೀಟಿ. ಅವಳು ಮಂಡಿಯೂರಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ರೆಫರಿ ನಮ್ಮೆಲ್ಲರ ಬೆನ್ನ ಹಿಂದೆ ಇದ್ದರು. ಅವರಿಗೆ ಕಂಡದ್ದು ನಮ್ಮ ತಂಡದ ಮೂರು ನೀಲಿ ಅಂಗಿಗಳು ಮಾತ್ರ. "ನೀಲಿ! ಯಾರು?" ಎಂದು ಕೂಗಿದರು. ನನ್ನ ಕೈ ತೊಡೆಗೆ ಅಂಟಿಕೊಂಡಿತ್ತು. ನಾನು ಆಕಾಶ ನೋಡಿದೆ.

ಪಕ್ಕದಲ್ಲಿ ಆಪಾ ಕೈ ಎತ್ತಿದಳು. ಸೊಟ್ಟ ಬೆರಳಿನ ಎಡಗೈ.

ಮೇಜಿನವರು ಅವಳ ಐದನೇ ಫೌಲ್ ಬರೆದುಕೊಂಡರು. ಹೊರಗೆ ಹೋಗುವಾಗ ಅವಳು ನನ್ನ ಜಡೆಯನ್ನು ಅಂಗಿಯೊಳಗೆ ತುರುಕಿದಳು. "ಇನ್ನು ಯಾರನ್ನೂ ಮುಟ್ಬೇಡ. ಬರೀ ಏಟು ತಿನ್ನು," ಎಂದಳು. ಅಷ್ಟೇ.

ಒಂಬತ್ತನೇ ನಂಬರಿನವಳ ಬದಲು ಬಂದವಳು ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ಹಾಕಿದಳು. ನಾವು ಎರಡು ಪಾಯಿಂಟ್ ಹಿಂದಾದೆವು. ನಮ್ಮ ಹೆಸರಘಟ್ಟದವಳು ಇಬ್ಬರನ್ನು ಎಳೆದುಕೊಂಡೇ ಹೋಗಿ ಒಂದು ಬ್ಯಾಸ್ಕೆಟ್ ಹಾಕಿ ಸಮ ಮಾಡಿದಳು. ಕೊನೆಯ ಕ್ಷಣಗಳಲ್ಲಿ ಚೆಂಡು ನನ್ನ ಕೈಗೆ ಬಂತು. ಬುಟ್ಟಿಯತ್ತ ನುಗ್ಗಿದಾಗ ಅವರ ತಂಡದ ಇಬ್ಬರು ಎರಡೂ ಕಡೆಯಿಂದ ಅಪ್ಪಳಿಸಿದರು. ಹಣೆ ಕಬ್ಬಿಣದ ಕಂಬಕ್ಕೆ ಹೋಗಿ ಬಡಿಯಿತು. ಹುಬ್ಬು ಸೀಳಿ ಒಂದು ಕಣ್ಣಿಗೆ ರಕ್ತ ತುಂಬಿಕೊಂಡಿತು. ಎರಡು ಫ್ರೀ ಥ್ರೋ ಸಿಕ್ಕಿದವು.

ಜನ ಕಾಲು ಅಪ್ಪಳಿಸುತ್ತಿದ್ದರು. ಯಾರೋ ಎಸೆದ ಕಲ್ಲಿನ ಚೂರು ಬೆನ್ನಿಗೆ ಬಿತ್ತು. ಆ ಗದ್ದಲದ ನಡುವೆ ಹಿಂದಿನಿಂದ ಒಂದು ಸದ್ದು ಬೇರೆಯಾಗಿ ಕೇಳಿಸಿತು. ಚಟೀರ್... ಚಟೀರ್... ಆಪಾ ಒದ್ದೆ ಟವೆಲನ್ನು ಹುರಿ ಮಾಡಿ ಬೆಂಚಿಗೆ ಬಾರಿಸುತ್ತಿದ್ದಳು. ನನ್ನ ಕಾಲುಗಳು ನೆಟ್ಟಗೆ ನಿಂತವು. ಒಂದೇ ಕಣ್ಣಿನಿಂದ ಕಬ್ಬಿಣದ ಉಂಗುರವನ್ನು ನೋಡಿದೆ. ಎರಡೂ ಬಿದ್ದವು.

ನಾಲ್ಕು ದಿನಗಳ ನಂತರ ಪ್ರಿನ್ಸಿಪಾಲರು ಇಡೀ ತಂಡವನ್ನು ತಮ್ಮ ಕೋಣೆಗೆ ಕರೆಸಿದರು. ಆ ಹುಡುಗಿಯ ಮುಂದಿನ ಎರಡು ಹಲ್ಲು ಹೋಗಿದ್ದವು. ಬೇಕೆಂದೇ ಹೊಡೆದದ್ದೆಂದು ಆ ಕಾಲೇಜಿನವರು ದೂರು ಕೊಟ್ಟಿದ್ದರು.

"ನೀನೇನಮ್ಮ ಹೊಡೆದದ್ದು?"

"ಫೌಲ್ ನನ್ನ ನಂಬರಲ್ಲಿದೆ ಸರ್," ಎಂದಳು ಆಪಾ.

ಪ್ರಿನ್ಸಿಪಾಲರು ನಮ್ಮ ಕಡೆ ತಿರುಗಿ, "ಬೇರೆ ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದರು. ಹೊರಗೆ ಗೂಡ್ಸ್ ರೈಲು ಹೋಗುತ್ತಿತ್ತು. ಅದರ ಡಬ್ಬಿಗಳೆಲ್ಲ ದಾಟಿ ಮುಗಿಯುವವರೆಗೂ ಅವರು ಕಾದರು. ನನ್ನ ಹುಬ್ಬಿನ ಮೇಲೆ ಐದು ಹೊಲಿಗೆಗಳಿದ್ದವು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ರೈಲು ದಾಟಿತು. ನನ್ನ ಕೈಗಳು ಬೆನ್ನ ಹಿಂದೆಯೇ ಇದ್ದವು. ಹೊರಗೆ ಬಂದ ಮೇಲೆ ಹೆಸರಘಟ್ಟದವಳು ನನ್ನ ಮುಖ ನೋಡದೆ, "ಇಂಗಾಗ್ಬಾರ್ದಿತ್ತು ಕಣಮ್ಮಿ," ಎಂದಳು. ಅವಳಿಗೆ ಎಲ್ಲ ಕಂಡಿತ್ತು.

ವಿಶ್ವವಿದ್ಯಾಲಯದ ಪಟ್ಟಿಯಿಂದ ಆಪಾಳ ಹೆಸರನ್ನು ತೆಗೆದುಹಾಕಿದರು. ಆ ಜಾಗಕ್ಕೆ ನನ್ನ ಹೆಸರು ಬಂತು. ರಕ್ತ ಸುರಿಯುವಾಗಲೂ ಕೈ ನಡುಗದ ಹುಡುಗಿ ಎಂದು ಆಯ್ಕೆ ಮಾಡುವವರಲ್ಲಿ ಒಬ್ಬರು ಹೇಳಿದರಂತೆ. ಆ ಸರ್ಟಿಫಿಕೇಟ್ ನನ್ನ ಟ್ರಂಕಿನಲ್ಲಿದೆ. ಅದರಿಂದ ನನಗೆ ಏನೂ ಆಗಬೇಕಿರಲಿಲ್ಲ. ನಾನು ಎಂ.ಎಸ್ಸಿ. ಓದಿದೆ, ಪಾಠ ಹೇಳುವ ಕೆಲಸ ಹಿಡಿದೆ.

ಮೂರು ವರ್ಷಗಳ ಬಳಿಕ ಗೊರಗುಂಟೆಪಾಳ್ಯದ ಬಸ್ ಸ್ಟಾಪಿನಲ್ಲಿ ಅವಳು ಸಿಕ್ಕಿದಳು. ಬುರ್ಖಾದ ಮುಸುಕನ್ನು ಮೇಲೆತ್ತಿದ್ದಳು. ಹತ್ತಿರದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೆಷಿನ್ ಮೇಲೆ ಕೆಲಸ ಎಂದಳು. ಸೊಟ್ಟ ಬೆರಳಿನ ತುದಿಗೆ ಬಟ್ಟೆ ಸುತ್ತಿದ್ದಳು. ಸೂಜಿ ಉಗುರಿನೊಳಗೆ ಹಾದು ಮುರಿದಿತ್ತಂತೆ. ಅದೇ ಟಿಂಚರ್ ವಾಸನೆ.

"ಆಪಾ, ಅವತ್ತು..." ಎಂದೆ.

"ಅರೇ, ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯಾ? ದಾನ ಮಾಡಿದ್ನಾ ನಾನು? ನಮ್ಮಿಬ್ರಲ್ಲಿ ಒಬ್ರು ಹೋಗ್ಬೇಕಿತ್ತು. ಫ್ರೀ ಥ್ರೋ ನಂಗಿಂತ ನಿಂದು ಚೆನ್ನಾಗಿತ್ತು. ಗೆದ್ವಿ ತಾನೆ?" ಎಂದು ನಕ್ಕಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಷ್ಟರಲ್ಲಿ ಅವಳ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು ತಿರುಗಿದಳು. ನಗು ಇರಲಿಲ್ಲ.

"ಅಂಗಳದಲ್ಲಿ ಕೈ ಎತ್ಲಿಲ್ಲ, ಅದು ಆಟ. ಪ್ರಿನ್ಸಿಪಾಲ್ರ ರೂಮಲ್ಲಿ ಎತ್ಬೋದಿತ್ತು ಕಣೇ. ನಾನು ರೈಲು ಹೋಗೋವರ್ಗೂ ಕಾದೆ."

ಬಸ್ಸು ಹೊರಟಿತು.

ಹೋದ ವಾರ, ಅಂಗಡಿಯವರು ಗಾಜಿನ ಚೂರುಗಳನ್ನು ಗುಡಿಸಿ ಮುಗಿಸಿದ ಮೇಲೆ, ಹತ್ತಿರದಲ್ಲೇ ಇದ್ದ ಆಪಾಳ ತಂದೆಯ ದರ್ಜಿ ಅಂಗಡಿಯ ಬಗ್ಗೆ ಕೇಳಿದೆ. ಅಲ್ಲೀಗ ಮೂರಂತಸ್ತಿನ ಹೊಸ ಕಟ್ಟಡವಿದೆ.

"ಟೈಲರ್ ಸಾಹೇಬ್ರಾ? ಬಿಟ್ಟು ಹೋದ್ರಲ್ಲ ಮೇಡಂ. ದೊಡ್ಡ ಮಗಳು ತೀರ್ಕೊಂಡ್ಳು, ಹೋದ ವರ್ಷ. ಕಾಮಾಲೆ. ನಮ್ಮ ಹತ್ರಾನೇ ಟಿಂಚರ್ ತಗೋತಿದ್ಲು... ನಿಮ್ಗೆ ಬೇಕಾದವ್ರಾ?"

ಸ್ನೇಹಿತೆ ಎಂದು ಹೇಳಲು ಬಾಯಿ ಬರಲಿಲ್ಲ. ಒಂದು ಬಾಟಲಿ ಟಿಂಚರ್ ಕೊಡಿ ಎಂದೆ. ಅದು ಈಗ ಈ ಮೇಜಿನ ಮೇಲೆ, ಮುಚ್ಚಳ ತೆಗೆಯದೆ ಇದೆ. ನನಗೆ ಎಲ್ಲಿಯೂ ಗಾಯವಿಲ್ಲ. ಇದ್ದರೂ ಊದುವವರಿಲ್ಲ.

ಆಪಾ ಈಗ ನೋಡಲಾರಳು. ಬರೆದುಕೊಳ್ಳುವ ಮೇಜಿನವರೂ ಎದ್ದು ಹೋಗಿ ಎಷ್ಟೋ ವರ್ಷಗಳಾದವು. ಆದರೂ ಹೇಳುತ್ತೇನೆ: ನೀಲಿ ಅಂಗಿ, ಏಳನೇ ನಂಬರು. ಆ ಫೌಲ್ ನನ್ನದು.